ಹೊಳೆಯಿಂದ ಕೊನೆಯ ನಲ್ಲಿಯವರೆಗೆ

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನದಿಂದಲೇ ಉಕ್ಕಡಗಾತ್ರಿಯ ದಾರಿ ತುಂಬತೊಡಗುತ್ತದೆ. ಹರಿಹರ, ಮಲೇಬೆನ್ನೂರು, ರಾಣೆಬೆನ್ನೂರು ಕಡೆಗಳಿಂದ ಬಸ್ಸು, ಟಾಟಾ ಏಸ್, ಟ್ರ್ಯಾಕ್ಟರುಗಳಲ್ಲಿ ಜನ ಬಂದಿಳಿಯುತ್ತಾರೆ. ಎಲ್ಲರೂ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ನಡೆದುಕೊಳ್ಳುವವರು. ಒಬ್ಬರ ಮನೆಯಲ್ಲಿ ಯಾರಿಗೋ ಗಾಳಿ ಸೋಕಿದೆ ಎಂಬ ನಂಬಿಕೆ, ಇನ್ನೊಬ್ಬರ ಮನೆಯಲ್ಲಿ ಮನಸ್ಸಿನ ಹಿಡಿತ ತಪ್ಪಿದ ಮಗ, ಮತ್ತೊಬ್ಬರಿಗೆ ಯಾವ ಆಸ್ಪತ್ರೆಯಲ್ಲೂ ವಾಸಿಯಾಗದ ಸಂಕಟ.

ನಸುಕು ಹರಿಯುವ ಹೊತ್ತಿಗೆ ತುಂಗಭದ್ರೆಯ ಸ್ನಾನಘಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುಳುಗೆದ್ದವರು ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಾರೆ. ಪೀಡೆ ಬಟ್ಟೆಯ ಜೊತೆಗೇ ಹೋಗಲಿ ಎಂದು ಉಟ್ಟದ್ದನ್ನು ಹೊಳೆಗೆ ಬಿಟ್ಟು ಬೇರೆ ಉಡುವವರೂ ಇದ್ದಾರೆ. ಸೋಪಿನ ನೊರೆ, ಹರಿದ ಶಾಂಪೂ ಪ್ಯಾಕೆಟ್, ಮೆಟ್ಟಿಲಿಗೆ ಸುತ್ತಿಕೊಂಡ ಸೀರೆ. ಅವುಗಳ ನಡುವೆಯೇ ಯಾರೋ ಒಬ್ಬಾಕೆ ಬಾಟಲಿಯಲ್ಲಿ ನೀರು ಹಿಡಿದು ಮುಚ್ಚಳ ಬಿಗಿಯುತ್ತಾಳೆ. ಬರಲಾಗದೆ ಮನೆಯಲ್ಲೇ ಉಳಿದವರಿಗೆ ಅದು ತೀರ್ಥ.

ಉಕ್ಕಡಗಾತ್ರಿ ಇರುವುದು ಹರಿಹರಕ್ಕಿಂತ ಹೊಳೆಯ ಮೇಲ್ಗಡೆ. ಇಲ್ಲಿ ಮೈ ತೊಳೆದ ನೀರು ಕೆಳಗೆ ರಾಜನಹಳ್ಳಿಯಲ್ಲಿ ಹೊಳೆಯ ನೀರೆತ್ತುವ ಜಾಕ್‌ವೆಲ್‌ಗೆ ಹೋಗುತ್ತದೆ. ಅಲ್ಲಿಂದ ದಾವಣಗೆರೆ ನಗರಕ್ಕೆ ನೀರು ಏರುತ್ತದೆ. ಕವಲೆತ್ತು ಬಳಿಯ ಜಾಕ್‌ವೆಲ್ ಹರಿಹರಕ್ಕೆ ಕುಡಿಯಲು ಕೊಡುತ್ತದೆ. ಇನ್ನೂ ಕೆಳಗೆ ಹಾವೇರಿ, ಗದಗ-ಬೆಟಗೇರಿಗಳೂ ಇದೇ ಹೊಳೆಯ ನೀರನ್ನೇ ಕುಡಿಯುತ್ತವೆ. ಹೊಳೆಯ ಎರಡೂ ದಂಡೆಯ ಬಹುಗ್ರಾಮ ಯೋಜನೆಗಳು ಬೇರೆ.

ಕಾಣುವ ಕೊಳಕು, ಕಾಣದ ಕೊಳಕು

ಈ ಸೀಮೆಯ ಜನಕ್ಕೆ ನೀರಿನ ಮಾಲಿನ್ಯ ಹೊಸ ಮಾತಲ್ಲ. ಹರಿಹರದ ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಗಳು ಹೊರಬಿಡುವ ನೀರಿನ ವಿರುದ್ಧ 1980ರ ದಶಕದಲ್ಲಿ ದೊಡ್ಡ ಹೋರಾಟವೇ ನಡೆದಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ನ್ಯಾಯಾಲಯದವರೆಗೂ ಒಯ್ದಿತು. ಬಣ್ಣ ತಿರುಗಿದ ನೀರು, ವಾಸನೆ, ಸತ್ತು ತೇಲಿದ ಮೀನು: ಮಾಲಿನ್ಯ ಎಂದರೆ ಇಂದಿಗೂ ನಮ್ಮ ಕಣ್ಣ ಮುಂದೆ ಬರುವುದು ಇವೇ.

ಬ್ಯಾಕ್ಟೀರಿಯಾದ ಮಾಲಿನ್ಯಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಬೇಸಿಗೆಯಲ್ಲಿ ತಳದ ಮರಳು ಕಾಣುವಷ್ಟು ತಿಳಿಯಾದ ನೀರಿನಲ್ಲೂ ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಇರಬಹುದು, ಕಾಲರಾ ತರುವ ವಿಬ್ರಿಯೋ ಇರಬಹುದು, ರಕ್ತಭೇದಿ ತರುವ ಶಿಗೆಲ್ಲಾ ಇರಬಹುದು. ಇವೆಲ್ಲ ಹೊಳೆಗೆ ಬರುವ ಮುಖ್ಯ ದಾರಿ ಒಂದೇ, ಮನುಷ್ಯನ ಮಲ. ಹೇಳಲು ಮುಜುಗರದ ಮಾತು. ಆದರೆ ಈ ವಿಷಯದಲ್ಲಿ ಮುಜುಗರ ಪಟ್ಟುಕೊಂಡು ನಾವು ಜೀವಗಳನ್ನೇ ಕಳೆದುಕೊಂಡಿದ್ದೇವೆ.

ಹರಿಯುವ ನೀರಿಗೆ ದೋಷವಿಲ್ಲ ಎನ್ನುವ ಮಾತು ಊರೂರಲ್ಲಿದೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಹರಿವಿನಲ್ಲಿ ಕೊಳಕು ಚದುರುತ್ತದೆ, ಬಿಸಿಲಿಗೆ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವನ್ನು ನೀರಿನಲ್ಲಿರುವ ಬೇರೆ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಆದರೆ ಇದಕ್ಕೆಲ್ಲ ದಿನಗಳು ಬೇಕು. ಹೊಟ್ಟೆಯಿಂದ ಬಂದ ಬ್ಯಾಕ್ಟೀರಿಯಾ ಹೊಳೆಯ ನೀರಿನಲ್ಲಿ ದಿನಗಟ್ಟಲೆ, ತಳದ ಕೆಸರಿನಲ್ಲಿ ಅದಕ್ಕೂ ಹೆಚ್ಚು ಕಾಲ ಬದುಕಬಲ್ಲವು. ಸಾವಿರಾರು ಕಾಲುಗಳು ಒಮ್ಮೆಲೇ ನೀರಿಗಿಳಿದಾಗ ತಳದಲ್ಲಿ ಕೂತಿದ್ದವೂ ಕದಡಿ ಮೇಲೇಳುತ್ತವೆ. ಬೇಸಿಗೆಯಲ್ಲಿ ಹರಿವೇ ಸೊರಗಿ ಭದ್ರಾ ಜಲಾಶಯದಿಂದ ಬಿಡುವ ನೀರಿಗೆ ಕಾಯುವ ಹೊಳೆಗೆ ಚದುರಿಸುವ ಶಕ್ತಿಯೂ ಉಳಿದಿರುವುದಿಲ್ಲ.

ಸುಳಿವು ಕೊಡುವ ಬ್ಯಾಕ್ಟೀರಿಯಾ

ನೀರಿನಲ್ಲಿ ಇರಬಹುದಾದ ಪ್ರತಿಯೊಂದು ರೋಗಾಣುವನ್ನೂ ಹುಡುಕುತ್ತ ಹೋಗುವುದು ಆಗದ ಕೆಲಸ. ಹಾಗಾಗಿ ಪ್ರಯೋಗಾಲಯಗಳು ಸುಳಿವು ಹುಡುಕುತ್ತವೆ. ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಷರಿಷ್ 1885ರಲ್ಲಿ ಗುರುತಿಸಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುತ್ತದೆ. ಅದರ ಬಹಳಷ್ಟು ಬಗೆಗಳು ನಿರುಪದ್ರವಿ. ಆದರೂ ಅದು ನೀರಿನಲ್ಲಿ ಕಂಡಿತೆಂದರೆ ಮಲ ಸೇರಿದೆ ಎಂದೇ ಅರ್ಥ. ಮಲ ಸೇರಿದ ಕಡೆ ಟೈಫಾಯಿಡ್, ಕಾಲರಾ ಸೇರಲು ಊರಿನಲ್ಲಿ ಒಬ್ಬ ರೋಗಿ ಇದ್ದರೆ ಸಾಕು.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಮಾಡಿರುವ ನಿಯಮ, 2012ರ ಐಎಸ್ 10500, ಇಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಯಾವುದೇ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಒಂದೂ ಕಾಣಬಾರದು. ಸ್ನಾನದ ನೀರಿಗೆ ಅಷ್ಟು ಬಿಗಿಯಿಲ್ಲ. ಅದೇ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗಿದ್ದರೆ ಒಳ್ಳೆಯದು, 2,500 ಮೀರಲೇಬಾರದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅಂದರೆ ಮುಳುಗು ಹಾಕಲು ಯೋಗ್ಯವಾದ ನೀರು ಬಾಟಲಿಗೆ ತುಂಬಿ ಕುಡಿಸಲು ಯೋಗ್ಯವಲ್ಲ. ಘಟ್ಟದ ಮೆಟ್ಟಿಲ ಮೇಲೆ ಈ ಎರಡು ಕೆಲಸಗಳೂ ಒಟ್ಟೊಟ್ಟಿಗೇ ನಡೆಯುತ್ತವೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಗ್ರಾಂ ಮಲದಲ್ಲಿ ಕಡಿಮೆಯೆಂದರೂ ಒಂದು ಕೋಟಿ ಇ. ಕೋಲಿ ಇರುತ್ತವೆ ಎಂದಿಟ್ಟುಕೊಳ್ಳೋಣ. ಅಷ್ಟನ್ನು ಒಂದು ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕಿನಲ್ಲಿ ಕದಡಿದರೆ ಪ್ರತಿ 100 ಮಿಲಿಲೀಟರಿಗೆ ಹತ್ತು ಸಿಗುತ್ತವೆ. ಇಡೀ ಟ್ಯಾಂಕು ಕುಡಿಯಲು ಅಯೋಗ್ಯವಾಯಿತು. ಇಡೀ ಊರಿಗೆ ನೀರುಣಿಸುವ ಟ್ಯಾಂಕನ್ನು ಕೆಡಿಸಲು ಚಿಟಿಕೆಯಷ್ಟು ಕೊಳಕು ಸಾಕು.

ಕಲ್ಕತ್ತೆಯ ಒಂದು ಕೆರೆ

ನೀರಿಗೂ ಕಾಲರಾಕ್ಕೂ ನಂಟಿದೆ ಎಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲೇ ಬ್ರಾಡ್ ಸ್ಟ್ರೀಟಿನ ಒಂದು ಪಂಪಿನ ಸುತ್ತ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸಿದ್ದ. ನಮಗೆ ಹೆಚ್ಚು ಹತ್ತಿರದ್ದು ಕಲ್ಕತ್ತೆಯ ಕಥೆ. 1884ರಲ್ಲಿ ಕಾಲರಾದ ಮೂಲ ಹುಡುಕುತ್ತ ಅಲ್ಲಿಗೆ ಬಂದಿದ್ದ ವಿಜ್ಞಾನಿ ರಾಬರ್ಟ್ ಕಾಖ್ ಒಂದು ಕೆರೆಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಕಂಡ. ಕೆರೆಯ ಸುತ್ತ ಗುಡಿಸಲುಗಳು. ಜನ ಅದರಲ್ಲೇ ಮೀಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಅದನ್ನೇ ಕುಡಿಯುತ್ತಿದ್ದರು. ಆ ಓಣಿಯಲ್ಲಿ ಮೊದಲು ಕಾಲರಾ ಬಂದು ಸತ್ತವರ ಬಟ್ಟೆಬರೆಯನ್ನು ತೊಳೆದದ್ದೂ ಅದೇ ಕೆರೆಯಲ್ಲಿ.

ಜಾತ್ರೆ ಮತ್ತು ವಾಂತಿ-ಭೇದಿ ಜೊತೆಗೂಡಿ ಬರುವುದನ್ನು ದೇಶ ಅದಕ್ಕೂ ಮೊದಲೇ ಕಂಡಿತ್ತು. 1867ರ ಹರಿದ್ವಾರದ ಕುಂಭಮೇಳದಿಂದ ಊರಿಗೆ ಮರಳಿದ ಯಾತ್ರಿಕರ ದಾರಿಯುದ್ದಕ್ಕೂ ಕಾಲರಾ ಉತ್ತರ ಭಾರತದಲ್ಲಿ ಹಬ್ಬಿತು. ಕಾಲರಾ ಕೆಲವು ಗಂಟೆಗಳಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅದರ ಜಾಡು ಹಿಡಿಯಬಹುದು. ಟೈಫಾಯಿಡ್ ಹಾಗಲ್ಲ, ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಮಾವಾಸ್ಯೆಗೆ ಬಂದು ಹೋದವರು ಹುಣ್ಣಿಮೆ ಕಳೆದ ಮೇಲೆ ತಮ್ಮ ಊರಿನಲ್ಲಿ ಜ್ವರ ಹಿಡಿದು ಮಲಗಿದರೆ ಹೊಳೆಯ ನೆನಪು ಯಾರಿಗೂ ಬರುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ತೀರ್ಥಕ್ಷೇತ್ರಗಳ ನೀರಿನಿಂದ ಎಷ್ಟು ಜನ ಕಾಯಿಲೆ ಬೀಳುತ್ತಾರೆ ಎಂಬುದು ಲೆಕ್ಕಕ್ಕೇ ಸಿಗದಿರಲು ಇದೊಂದು ಕಾರಣ.

ಹೊಳೆಗೆ ಎಲ್ಲೆಲ್ಲಿಂದ

ಉಕ್ಕಡಗಾತ್ರಿಯ ಘಟ್ಟವೊಂದನ್ನೇ ದೂರಿದರೆ ಅನ್ಯಾಯವಾಗುತ್ತದೆ. ತುಂಗೆ ಶಿವಮೊಗ್ಗ ನಗರವನ್ನು, ಭದ್ರೆ ಭದ್ರಾವತಿಯನ್ನು ಹಾದು ಕೂಡಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ ಇಲ್ಲಿಗೆ ಬರುವಾಗಲೇ ಪಟ್ಟಣಗಳ ಚರಂಡಿ ನೀರನ್ನು ಹೊತ್ತಿರುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದಿ ಭಾಗಗಳಲ್ಲಿ ಕರ್ನಾಟಕದವು 17. ಅವುಗಳಲ್ಲಿ ಶಿವಮೊಗ್ಗದಿಂದ ಕೂಡಲಿವರೆಗಿನ ತುಂಗೆ, ಭದ್ರಾವತಿ-ಹೊಳೆಹೊನ್ನೂರು ನಡುವಿನ ಭದ್ರೆ, ಹರಿಹರದಿಂದ ಕೊರ್ಲಹಳ್ಳಿವರೆಗಿನ ತುಂಗಭದ್ರೆ ಮೂರೂ ಇವೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ‘ನಿರ್ಮಲ ತುಂಗಭದ್ರಾ’ ಪಾದಯಾತ್ರೆ ದಂಡೆಯ ಊರುಗಳಲ್ಲಿ ಹೇಳುತ್ತ ಹೋದದ್ದೂ ಇದನ್ನೇ.

ಮಳೆಗಾಲ ಇನ್ನೊಂದು ಬಾಗಿಲು ತೆರೆಯುತ್ತದೆ. ತುಂಗಾ ಜಲಾಶಯ ತುಂಬಿ ಗೇಟು ಎತ್ತಿದಾಗ ಉಕ್ಕಡಗಾತ್ರಿ-ಫತ್ತೇಪುರ ರಸ್ತೆ ಮುಳುಗುವುದು, ಘಟ್ಟದ ಅಂಗಡಿಗಳಿಗೆ ನೀರು ನುಗ್ಗುವುದು ವರ್ಷ ವರ್ಷದ ಸುದ್ದಿ. ಅದೇ ನೀರು ದಂಡೆಯ ಬಯಲು, ತಿಪ್ಪೆ, ಶೌಚದ ಗುಂಡಿಗಳನ್ನೂ ತೊಳೆದು ಇಳಿಯುತ್ತದೆ ಎಂಬುದು ಮಾತ್ರ ಸುದ್ದಿಯಾಗುವುದಿಲ್ಲ. ಕೆಂಪಗೆ ಬರುವ ಹೊಸ ನೀರು ಬ್ಯಾಕ್ಟೀರಿಯಾ ಲೆಕ್ಕದಲ್ಲಿ ವರ್ಷದ ಅತಿ ಕೆಟ್ಟ ನೀರುಗಳಲ್ಲಿ ಒಂದು.

ದಾವಣಗೆರೆಗೆ ಹೊಳೆಯ ಜೊತೆಗೆ ಇನ್ನೊಂದು ಮೂಲವಿದೆ. ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಗೆ ಭದ್ರಾ ನಾಲೆಯ ನೀರು ತುಂಬಿಸಿಕೊಳ್ಳುತ್ತಾರೆ. ನಾಲೆ ತೆರೆದದ್ದು. ದಾರಿಯುದ್ದಕ್ಕೂ ದನ ಮೈ ತೊಳೆಯುವ, ಬಟ್ಟೆ ಒಗೆಯುವ ಊರುಗಳಿವೆ. ಸ್ನಾನಘಟ್ಟವಿಲ್ಲ ಎಂದ ಮಾತ್ರಕ್ಕೆ ಆ ನೀರು ಮಡಿಯಾಗುವುದಿಲ್ಲ.

ಘಟಕದೊಳಗೆ ಏನು ನಡೆಯುತ್ತದೆ

ಇಷ್ಟೆಲ್ಲ ಓದಿ ದಿಗಿಲು ಬೀಳಬೇಕಿಲ್ಲ. ಕೊಳೆಯಾದ ಹೊಳೆಯಿಂದಲೂ ಒಳ್ಳೆಯ ಕುಡಿಯುವ ನೀರು ಮಾಡಬಹುದು. ನೂರು ವರ್ಷಕ್ಕೂ ಹಿಂದಿನ ವಿದ್ಯೆ ಅದು. ಎತ್ತಿದ ನೀರಿಗೆ ಆಲಂ, ಅಂದರೆ ಸ್ಫಟಿಕ, ಬೆರೆಸಿದಾಗ ಮಣ್ಣಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳ ಸೇರುತ್ತವೆ. ಬಹಳಷ್ಟು ಬ್ಯಾಕ್ಟೀರಿಯಾಗಳೂ ಆ ಕಣಗಳ ಜೊತೆಗೇ ಕೂರುತ್ತವೆ. ಮೇಲಿನ ತಿಳಿಯನ್ನು ಮರಳಿನ ಹಾಸಿನ ಮೂಲಕ ಇಳಿಸುತ್ತಾರೆ. ಕೊನೆಗೆ ಕ್ಲೋರಿನ್.

ಈ ಕ್ರಮ ಮುಖ್ಯ. ರಾಡಿ ನೀರಿಗೆ ನೇರವಾಗಿ ಕ್ಲೋರಿನ್ ಹಾಕಿದರೆ ಅದು ಮಣ್ಣು, ಎಲೆಕಸದ ಮೇಲೆಯೇ ಖರ್ಚಾಗಿ ಹೋಗುತ್ತದೆ. ಕಣಗಳ ಸಂದಿನಲ್ಲಿ ಅಡಗಿದ ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತವೆ. ಮರಳಿನ ಹಾಸನ್ನು ಆಗಾಗ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯದಿದ್ದರೆ ಅದೇ ಕೊಳಕಿನ ಮನೆಯಾಗುತ್ತದೆ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತಾಗ ಊರಿನ ಸಿಟ್ಟು ತಿರುಗಿದ್ದು ಶುದ್ಧೀಕರಣ ಘಟಕದ ನಿರ್ವಹಣೆಯ ಮೇಲೆ.

ಕ್ಲೋರಿನ್‌ಗೆ ಇನ್ನೊಂದು ಗುಣವಿದೆ, ಅದನ್ನು ಬಹಳ ಜನ ಗಮನಿಸಿಲ್ಲ. ಅದು ಹಾಕಿದ ಕೂಡಲೇ ಮುಗಿದು ಹೋಗುವುದಿಲ್ಲ. ಸ್ವಲ್ಪ ಉಳಿದು ನೀರಿನ ಜೊತೆಗೇ ಪೈಪಿನಲ್ಲಿ ಸಾಗುತ್ತದೆ. ದಾರಿಯಲ್ಲಿ ಹೊಸ ಕೊಳಕು ಸೇರಿದರೆ ಅದರ ಮೇಲೂ ಕೆಲಸ ಮಾಡುತ್ತದೆ. ಊರ ಮದುವೆಯಲ್ಲಿ ಕೊನೆಯ ಪಂಕ್ತಿಯವರಿಗೂ ಸಾಕಾಗುವಷ್ಟು ಅನ್ನ ಇದೆಯೇ ಎಂದು ಅಡುಗೆಯವರು ನೋಡುವ ಹಾಗೆ, ನೀರು ಬಿಡುವವರು ಕೊನೆಯ ನಲ್ಲಿಯಲ್ಲೂ ಕ್ಲೋರಿನ್ ಉಳಿದಿದೆಯೇ ಎಂದು ನೋಡಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ನಮ್ಮ ಮಾನಕ.

ಸಾವು ಕಾದಿರುವುದು ಪೈಪಿನಲ್ಲಿ

ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಜೀವ ತೆಗೆದ ನೀರಿನ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಬಹುತೇಕ ಕಡೆ ಕೊಳಕು ಸೇರಿದ್ದು ಹೊಳೆಯಲ್ಲಲ್ಲ, ಮನೆಗೆ ಬರುವ ಕೊನೆಯ ದಾರಿಯಲ್ಲಿ.

ತುಂಗಭದ್ರೆಯ ಕೆಳದಂಡೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ 2021ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ವಾಂತಿ-ಭೇದಿಯಿಂದ ಆರು ಜನ ಸತ್ತರು. ಪೈಪಿನ ನೀರಿಗೆ ಕೊಳಕು ಸೇರಿತ್ತು. ಸರ್ಕಾರ ಹಿರಿಯ ಐಎಎಸ್ ಅಧಿಕಾರಿಯಿಂದ ತನಿಖೆಗೆ ಆದೇಶಿಸಿತು. 2023ರ ಆಗಸ್ಟ್ ಮೊದಲ ವಾರ ದಾವಣಗೆರೆಯ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಐದಾರು ಜೀವ ಹೋದವು. ನೀರಿಗೆ ಯಾರೋ ವಿಷ ಬೆರೆಸಿದ್ದಾರೆ ಎಂಬ ಗುಮಾನಿ ಮೊದಲು ಹಬ್ಬಿತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ವಿಷ ಸಿಗಲಿಲ್ಲ. ಸಿಕ್ಕಿದ್ದು ಕಾಲರಾ ಬ್ಯಾಕ್ಟೀರಿಯಾ. 2024ರ ಮೇ ತಿಂಗಳಲ್ಲಿ ಮೈಸೂರಿನ ಪಕ್ಕದ ಕೆ. ಸಾಲುಂಡಿಯಲ್ಲಿ ಮತ್ತೆ ಅದೇ ಕಥೆ.

ಕವಾಡಿಗರಹಟ್ಟಿಯ ಗುಮಾನಿ ನನ್ನನ್ನು ಬಹಳ ಕಾಡುತ್ತದೆ. ನೆರೆಯವನು ವಿಷ ಹಾಕಿದ ಎಂದು ನಂಬುವುದು ಜನಕ್ಕೆ ಸುಲಭವಾಗಿತ್ತು. ದಿನವೂ ಕುಡಿಯುವ ನೀರೇ ಕೆಟ್ಟಿರಬಹುದು ಎಂಬುದು ಊಹೆಗೂ ಬರಲಿಲ್ಲ.

ಪೈಪಿನಲ್ಲಿ ನೀರು ಕೆಡುವ ಬಗೆ ಹೀಗೆ. ನಮ್ಮ ಬಹುತೇಕ ಊರುಗಳಲ್ಲಿ ನೀರು ಬಿಡುವುದು ಮೂರು ದಿನಕ್ಕೋ, ವಾರಕ್ಕೋ ಒಮ್ಮೆ, ಒಂದೆರಡು ಗಂಟೆ. ಉಳಿದ ಹೊತ್ತು ಪೈಪು ಖಾಲಿ. ಒಳಗೆ ಒತ್ತಡ ಇರುವಾಗ ಸೀಳಿನಿಂದ ನೀರು ಹೊರಗೆ ಸೋರುತ್ತದೆ. ಒತ್ತಡ ಇಳಿದಾಗ ಅದೇ ಸೀಳಿನಿಂದ ಹೊರಗಿನ ನೀರು ಒಳಗೆ ಹೋಗುತ್ತದೆ. ಪೈಪು ಹಾದಿರುವುದು ಚರಂಡಿಯೊಳಗೋ ಪಕ್ಕದಲ್ಲೋ ಆಗಿದ್ದರೆ ಒಳಗೆ ಹೋಗುವುದು ಏನೆಂದು ಹೇಳಬೇಕಿಲ್ಲ. ಮನೆಯ ಮುಂದೆ ಗುಂಡಿ ತೋಡಿ ನಲ್ಲಿ ಇಳಿಸಿಕೊಂಡವರ ಗುಂಡಿಯಲ್ಲಿ ಕೊಚ್ಚೆ ನಿಂತಾಗಲೂ ಇದೇ ಆಗುತ್ತದೆ. ನಲ್ಲಿಗೆ ಮೋಟಾರು ಹಚ್ಚಿ ಎಳೆಯುವವರು ತಮಗೆ ಗೊತ್ತಿಲ್ಲದೆ ಇಡೀ ಓಣಿಯ ಚರಂಡಿಯನ್ನೂ ಎಳೆಯುತ್ತಿರುತ್ತಾರೆ.

ಇದಕ್ಕೆ ನಮ್ಮಲ್ಲೇ ಪುರಾವೆಯಿದೆ. ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಿಗೆ 2007-08ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬಂತು. ಉಳಿದ ವಾರ್ಡುಗಳಿಗೆ ಹಳೆಯ ಕ್ರಮದಲ್ಲೇ ಕೆಲವು ದಿನಕ್ಕೊಮ್ಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಲ್ಲಿ ನೀರನ್ನು ಪರೀಕ್ಷಿಸಿದರು. ಸದಾ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇ 0.7ರಲ್ಲಿ ಇ. ಕೋಲಿ ಸಿಕ್ಕಿತು. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಶೇ 31.7. ಊರು ಅದೇ, ವ್ಯತ್ಯಾಸವಿದ್ದದ್ದು ಪೈಪು ಖಾಲಿಯಾಗುತ್ತದೆಯೋ ಇಲ್ಲವೋ ಎಂಬುದರಲ್ಲಿ. ಅದೇ ನಗರಗಳಲ್ಲಿ ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ ಸದಾ ನೀರು ಬರುವ ವಾರ್ಡುಗಳಲ್ಲಿ ಟೈಫಾಯಿಡ್, ಅಲ್ಲಿನ ಬಡ ಕುಟುಂಬಗಳ ಪುಟ್ಟ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿದ್ದದ್ದು ಕಂಡುಬಂತು.

ನೀರು ಬಿಟ್ಟಾಗ ಮೊದಲು ಬರುವ ರಾಡಿಯನ್ನು ಚೆಲ್ಲಿ ಆಮೇಲೆ ಕೊಡ ಇಡುವ ಹೆಂಗಸರ ರೂಢಿ ಸರಿಯಾದದ್ದೇ. ಮೊದಲ ಹರಿವಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚು ಎಂದು ಕುಂಪೆಲ್ ಮತ್ತು ನೆಲ್ಸನ್ ಕೂಡ ಕಂಡರು. ಜಲಸಿರಿ ಯೋಜನೆಯಡಿ ದಾವಣಗೆರೆ, ಹರಿಹರಗಳಿಗೆ 24 ಗಂಟೆ ನೀರು ಎಂದಾಗ ಅದನ್ನು ಬರೀ ಅನುಕೂಲ ಎಂದು ತಿಳಿಯುವವರೇ ಹೆಚ್ಚು. ಪೈಪು ಸದಾ ತುಂಬಿರುವುದು ಆರೋಗ್ಯದ ಪ್ರಶ್ನೆ. ಬಾಟಲಿ ನೀರು ಕೊಳ್ಳಲಾಗದ ಮನೆಗಳಿಗಂತೂ ಮೊದಲ ಪ್ರಶ್ನೆ.

ನಿನ್ನೆಯ ವರದಿ, ಇಂದಿನ ನೀರು

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಬ್ಯಾಕ್ಟೀರಿಯಾ ಪರೀಕ್ಷೆ ಎಂದರೆ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೆಚ್ಚಗಿನ ಜಾಗದಲ್ಲಿ ಬೆಳೆಯಲು ಬಿಟ್ಟು ನೋಡುವುದು. ಅದಕ್ಕೆ 24ರಿಂದ 48 ಗಂಟೆ ಬೇಕು. ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ರೂಪಿಸಿದ ಸರಳ ಬಾಟಲಿ ಪರೀಕ್ಷೆಯೂ ಹಾಗೇ. ನೀರು ತುಂಬಿಟ್ಟ ಬಾಟಲಿ ಕಪ್ಪಗಾದರೆ ಮಲದ ಬ್ಯಾಕ್ಟೀರಿಯಾ ಇದೆ ಎಂದರ್ಥ. ಅಗ್ಗದ್ದು, ಹಳ್ಳಿಯಲ್ಲೇ ಮಾಡಬಹುದಾದದ್ದು, ಲೋಕದ ಹಲವು ದೇಶಗಳು ಬಳಸಿದ ವಿಧಾನ. ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ.

ಇಷ್ಟಾದರೂ ಬಾಟಲಿ ಕಪ್ಪಗಾಗುವ ಹೊತ್ತಿಗೆ ಆ ನೀರನ್ನು ಊರೆಲ್ಲ ಕುಡಿದಾಗಿರುತ್ತದೆ. ಬ್ಯಾಕ್ಟೀರಿಯಾ ವರದಿ ಯಾವತ್ತೂ ನಿನ್ನೆಯದು. ಇವತ್ತಿನ ನೀರು ಹೇಗಿದೆ ಎಂದು ಇವತ್ತೇ ಹೇಳಬಲ್ಲದ್ದು ಕ್ಲೋರಿನ್ ಪರೀಕ್ಷೆಯೊಂದೇ. ನಲ್ಲಿ ನೀರಿಗೆ ಒಂದೆರಡು ಹನಿ ದ್ರಾವಣವನ್ನೋ ಒಂದು ಮಾತ್ರೆಯನ್ನೋ ಹಾಕಿದರೆ ಕ್ಷಣದಲ್ಲಿ ಬಣ್ಣ ತಿರುಗುತ್ತದೆ. ಹಳೆಯ ವಿಧಾನದಲ್ಲಿ ಹಳದಿ, ಹೊಸದರಲ್ಲಿ ಗುಲಾಬಿ. ಬಣ್ಣ ಬರಲಿಲ್ಲವೆಂದರೆ ಕ್ಲೋರಿನ್ ಹಾಕಿಲ್ಲ, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳಕು ಸೇರಿ ಅದನ್ನು ತಿಂದುಹಾಕಿದೆ. ಎರಡೂ ಅಪಾಯವೇ.

ಆದ್ದರಿಂದ ನನ್ನ ಮಟ್ಟಿಗೆ ಒಂದು ಗ್ರಾಮದ ಆರೋಗ್ಯ ವ್ಯವಸ್ಥೆಯಲ್ಲಿ ಮೊದಲ ಸ್ಥಾನ ಟ್ಯಾಂಕಿಗೆ ಕ್ಲೋರಿನ್ ಬೆರೆಸಿ ನೀರು ಬಿಡುವ ನೀರುಗಂಟಿಯದು. ಸಾಮಾನ್ಯ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, 50 ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ನೀರು ಹರಿಸಬೇಕು. ಪುಡಿಯ ಚೀಲ ಬಾಯಿ ತೆರೆದು ಬಿದ್ದಿದ್ದರೆ ಅದರ ಶಕ್ತಿ ಇಳಿದುಹೋಗಿರುತ್ತದೆ, ಅಳತೆ ಸರಿಯಿದ್ದರೂ ಫಲವಿಲ್ಲ. ಇಷ್ಟನ್ನು ದಿನವೂ ತಪ್ಪದೆ ಮಾಡುವವನಿಗೆ ಕಡಿಮೆ ಸಂಬಳ ಕೊಟ್ಟು, ಅದನ್ನೂ ತಿಂಗಳುಗಟ್ಟಲೆ ತಡೆಹಿಡಿದು, ಅನಾಹುತವಾದ ದಿನ ಮೊದಲು ಅವನನ್ನೇ ಅಮಾನತು ಮಾಡುವುದು ಯಾವ ನ್ಯಾಯ? ಪುಡಿ ಕೊಡಿಸುವುದು, ಒಡೆದ ಪೈಪು ಸರಿಪಡಿಸುವುದು, ಕೊನೆಯ ನಲ್ಲಿಯ ಅಳತೆಯನ್ನು ಪಂಚಾಯಿತಿಯ ಬಾಗಿಲಲ್ಲಿ ದಿನವೂ ಬರೆಸುವುದು ಅವನ ಮೇಲಿನವರ ಕೆಲಸ.

ಬೋರಿನ ನೀರು, ಕ್ಯಾನಿನ ನೀರು, ಬಟ್ಟೆ ಕಟ್ಟಿ ಸೋಸಿದ ನೀರು

ಬೋರ್‌ವೆಲ್ ನೀರು ಆಳದ್ದು, ಅದಕ್ಕೇನಾಗುತ್ತದೆ ಎಂಬ ಧೈರ್ಯ ಪೂರ್ತಿ ಸರಿಯಲ್ಲ. ಮೇಲಿನ ಕೇಸಿಂಗ್ ಪೈಪು ಒಡೆದಿದ್ದರೆ, ಸುತ್ತ ಕಟ್ಟೆ ಇಲ್ಲದೆ ಕೊಚ್ಚೆ ನಿಂತಿದ್ದರೆ, ಪಕ್ಕದಲ್ಲೇ ಶೌಚದ ಗುಂಡಿ ಇದ್ದರೆ ಕಲ್ಲಿನ ಬಿರುಕಿನಲ್ಲಿ ಕೊಳಕು ಇಳಿಯುತ್ತದೆ. ಶುದ್ಧ ನೀರಿನ ಘಟಕದ ಆರ್‌ಓ ನೀರು ಬೋರಿನ ನೀರಿನಲ್ಲಿರುವ ಫ್ಲೋರೈಡ್‌ಗೆ ಒಳ್ಳೆಯ ಉತ್ತರ. ಆದರೆ ಅದರಲ್ಲಿ ಕಾಯುವ ಕ್ಲೋರಿನ್ ಉಳಿದಿರುವುದಿಲ್ಲ. ತೊಳೆಯದ ಕ್ಯಾನಿಗೆ ತುಂಬಿ ನಾಲ್ಕು ದಿನ ಇಟ್ಟರೆ ಬ್ಯಾಕ್ಟೀರಿಯಾ ಬೆಳೆಯಲು ಯಾವ ಅಡ್ಡಿಯೂ ಇಲ್ಲ.

ಬಟ್ಟೆಯಲ್ಲಿ ಸೋಸುವ ನಮ್ಮ ಹಳೆಯ ಪದ್ಧತಿಯ ಬಗ್ಗೆ ಒಂದು ಮಾತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಹಿಡಿಯುವಂತೆ ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ ಅರ್ಧದಷ್ಟು ಇಳಿಯಿತು. ಕಾಲರಾ ಬ್ಯಾಕ್ಟೀರಿಯಾ ನೀರಿನ ಸೂಕ್ಷ್ಮ ಹುಳುಗಳಿಗೆ ಅಂಟಿಕೊಂಡಿರುತ್ತದೆ, ಬಟ್ಟೆ ಆ ಹುಳುಗಳನ್ನು ತಡೆಯುತ್ತದೆ. ಟೈಫಾಯಿಡ್ ಬ್ಯಾಕ್ಟೀರಿಯಾ ಬಟ್ಟೆಗೆ ನಿಲ್ಲುವುದಿಲ್ಲ. ಸೋಸಿದ ಮೇಲೆ ಕುದಿಸಲೇಬೇಕು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಕುದಿಸಿದ ನೀರಿಗೆ ಚೊಂಬಿನ ಜೊತೆ ಕೈಯನ್ನೂ ಅದ್ದಿದರೆ ಮತ್ತೆ ಮೊದಲಿನ ಕಥೆ.

ಘಟ್ಟದಲ್ಲಿ ಆಗಬೇಕಾದ್ದು

2025ರ ಮಾರ್ಚ್‌ನಲ್ಲಿ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಭಕ್ತರು ನೀರಿಗೆ ಬಟ್ಟೆ ಬಿಡದಂತೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚಿಸಿದರು. ಉಕ್ಕಡಗಾತ್ರಿಯಂಥ ಕಡೆ ಅದು ಬೇಕಿತ್ತು. ಬಟ್ಟೆಯ ರಾಶಿ ಹೊಳೆಯ ಉಸಿರು ಕಟ್ಟಿಸುತ್ತದೆ, ಮೀನಿಗೆ, ದನಕರುಗಳಿಗೆ ಕಂಟಕ. ಆದರೂ ಫೋಟೋದಲ್ಲಿ ಕಾಣುವುದು ಬಟ್ಟೆ, ಕೆಳಗಿನ ಊರಿಗೆ ಟೈಫಾಯಿಡ್ ಒಯ್ಯುವುದು ಫೋಟೋದಲ್ಲಿ ಕಾಣದ್ದು. ದಂಡೆಗೆ ಬಂದ ಸಾವಿರಾರು ಜನರಿಗೆ ರಾತ್ರಿ ಎರಡು ಗಂಟೆಗೆ ಹೋಗಲು ನೀರಿರುವ, ಬೆಳಕಿರುವ, ಬಾಗಿಲಿರುವ ಶೌಚಾಲಯ ಬೇಕು. ಅದರ ಹೊಲಸು ಹೊಳೆಗೆ ಇಳಿಯದ ಗುಂಡಿಗೋ ಸಂಸ್ಕರಣಾ ಘಟಕಕ್ಕೋ ಹೋಗಬೇಕು. ಮನೋರೋಗದಿಂದ ಬಳಲುವವರನ್ನು ಕರೆತಂದ ಮನೆಯ ಹೆಂಗಸರಿಗೆ ಇದು ಎಲ್ಲಕ್ಕಿಂತ ಮೊದಲ ಅಗತ್ಯ.

ಮುಳುಗು ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಬಟ್ಟೆ ಬಿಡಲೇಬೇಕು ಎನ್ನುವವರಿಗೆ ದಡದಲ್ಲೇ ದೊಡ್ಡ ತೊಟ್ಟಿ ಇಡಬಹುದು. ಘಟ್ಟದ ಮೇಲ್ಗಡೆಯೇ ಕ್ಲೋರಿನ್ ಹಾಕಿದ ನೀರಿನ ನಲ್ಲಿಗಳಿದ್ದು, ತೀರ್ಥವಾಗಿ ಒಯ್ಯುವುದು, ಕುಡಿಯುವುದು ಅದನ್ನೇ ಎಂದು ಗುಡಿಯ ಹಿರಿಯರು ಮೈಕಿನಲ್ಲಿ ಹೇಳಿದರೆ ಜನ ಕೇಳುತ್ತಾರೆ. ಅಜ್ಜಯ್ಯನ ಹೆಸರಿನಲ್ಲಿ ಹೇಳಿದ ಮಾತಿಗೆ ಇಲ್ಲಿ ಸರ್ಕಾರಿ ಫಲಕಕ್ಕಿಂತ ತೂಕ ಹೆಚ್ಚು.

ವಾಂತಿ-ಭೇದಿ ಶುರುವಾದರೆ

ಕಾಲರಾದಲ್ಲಿ ಜೀವ ಹೋಗುವುದು ಮೈಯ ನೀರು, ಉಪ್ಪು ಬರಿದಾಗಿ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಹೊತ್ತಿನಲ್ಲಿ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಮೂವತ್ತು ಜನ ಸಾಯುತ್ತಿದ್ದ ಕಡೆ ಸಾವು ನಾಲ್ಕಕ್ಕೂ ಕೆಳಗಿಳಿಯಿತು.

ಓಆರ್‌ಎಸ್ ಪೊಟ್ಟಣ ಕೈಗೆ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ರಾಶಿ ಬೇಡ. ಗುಟುಕು ಗುಟುಕಾಗಿ ಕೊಡುತ್ತಲೇ ಇರಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಬೇಕು. ಮಕ್ಕಳಿಗೆ ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಮಂಕು ಕವಿದರೆ, ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದೇ ದಿನ ಹೀಗಾದರೆ ಆಶಾ ಕಾರ್ಯಕರ್ತೆಗೂ ನೀರುಗಂಟಿಗೂ ಆಗಲೇ ತಿಳಿಸಿ. ಆ ಪೈಪಿಗೆ ನೀರು ಬಿಡುವುದನ್ನು ನಿಲ್ಲಿಸಿ ಟ್ಯಾಂಕರಿನಲ್ಲಿ ಕೊಡಬೇಕು. ಪ್ರಯೋಗಾಲಯದ ವರದಿ ಆಮೇಲೆ ಬರಲಿ.